ರೋಗ ಹುಡುಕಿಕೊಂಡು ನಮ್ಮೂರ ಕಡೆಗೆ

ಸಂಕ್ರಾಂತಿ ಕಳೆದ ವಾರ ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಚಿತ್ರದುರ್ಗದ ಬಸ್ಸು ಹತ್ತಿದೆ. ಬೆನ್ನಿಗೊಂದು ಚೀಲ, ಕೈಯಲ್ಲೊಂದು ನೀಲಿ ಬಣ್ಣದ ಐಸ್ ಡಬ್ಬಿ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ್ದರಿಂದ ನನಗೆ ಸೊನ್ನೆ ಟಿಕೆಟ್ ಸಿಕ್ಕಿತು. ಡಬ್ಬಿಗೆ ಆ ಭಾಗ್ಯ ಇರಲಿಲ್ಲ. ಕಂಡಕ್ಟರು ಅದನ್ನು ಬೂಟಿನ ತುದಿಯಿಂದ ಮುಟ್ಟಿ ನೋಡಿ, "ಏನ್ ಮೇಡಂ, ಮೀನಾ?" ಎಂದರು.

"ಈಗ ಬರೀ ಐಸು. ವಾಪಸ್ ಬರುವಾಗ ಕುರಿ ರಕ್ತ ಇರುತ್ತೆ."

ಅವರು ಲಗೇಜು ಟಿಕೆಟ್ಟು ಕೊಟ್ಟು ಹೋದವರು ಆಮೇಲೆ ನನ್ನ ಸೀಟಿನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಪಶುವೈದ್ಯೆ. ಹಾಗೆಂದ ತಕ್ಷಣ ಊರವರು ಸೂಜಿ ಎಲ್ಲಿ ಎಂದು ಕೇಳುತ್ತಾರೆ. ನನ್ನದು ಸೂಜಿ ಚುಚ್ಚುವ ಕೆಲಸವಲ್ಲ. ಯಾವ ರೋಗ ಯಾವ ಊರಲ್ಲಿ ಎದ್ದಿತು, ಯಾವ ಸಂತೆಯ ದಾರಿ ಹಿಡಿದು ಎಲ್ಲಿಗೆ ಹೋಯಿತು, ದನಕುರಿಯಿಂದ ಮನುಷ್ಯರಿಗೆ ಹತ್ತೀತೇ ಎಂದು ಪತ್ತೆ ಮಾಡಿ ನಕ್ಷೆಯಲ್ಲಿ ಚುಕ್ಕೆ ಇಡುವುದು. ಇದಕ್ಕೆ ಪಶು ಸಾಂಕ್ರಾಮಿಕ ರೋಗಶಾಸ್ತ್ರ ಎಂದು ಹೆಸರು. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಕಾಫಿ ಕುಡಿಯಲು ಎದ್ದು ಹೋಗಿರುತ್ತಾರೆ.

ನಮ್ಮೂರು ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರು. ಕುರಿ ಕಾಯುವವರ ಮನೆ. ಕುರಿಯ ವಾಸನೆಯಲ್ಲೇ ಬೆಳೆದವಳು ಕುರಿಯನ್ನು ಮುಟ್ಟದ ಕೆಲಸ ಹಿಡಿದು, ಬೆಂಗಳೂರಿನ ಒಂದು ಸಂಶೋಧನಾ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ವರ್ಷಗಳಾಗಿದ್ದವು. ಕೆಲಸವೂ ಗುತ್ತಿಗೆಯದು, ಮಾರ್ಚಿಗೆ ಮುಗಿಯುತ್ತಿತ್ತು. ಗುವಾಹಟಿಯಲ್ಲಿ ಒಂದು ಕಾಯಂ ಹುದ್ದೆ ಕೈಗೆ ಬಂದಿತ್ತು. ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು. ನನಗೆ ಬೇಕಾಗಿದ್ದುದು ದುರ್ಗ. ನಮ್ಮ ಸೀಮೆಯ ಗಾಳಿ, ನಮ್ಮ ಜನ, ನಮ್ಮ ಕುರಿ. ಅದನ್ನು ನಾಚಿಕೆ ಬಿಟ್ಟು ನಮ್ಮ ಮುಖ್ಯಸ್ಥರ ಹತ್ತಿರ ಹೇಳಿಯೂ ಹೇಳಿದ್ದೆ. ಅವರು ಪರದೆಯ ಮೇಲಿನ ನಕ್ಷೆಯನ್ನು ತೋರಿಸಿದರು. ಕುರಿಗಳ ಗರ್ಭ ಇಳಿಸುವ ಬ್ರುಸೆಲ್ಲಾ ರೋಗದ ಚುಕ್ಕೆಗಳು ಸುತ್ತಲ ಜಿಲ್ಲೆಗಳಲ್ಲಿ ರಾಗಿ ಚೆಲ್ಲಿದಂತಿದ್ದವು. ನಮ್ಮ ಜಿಲ್ಲೆಯ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕು ಮಾತ್ರ ಬೆಳ್ಳಗಿದ್ದವು.

"ಅಲ್ಲಿ ರೋಗ ಇದೆ ಎಂದು ತೋರಿಸಿ, ದುರ್ಗಕ್ಕೆ ಒಂದು ಹುದ್ದೆ ಕೇಳುತ್ತೇನೆ. ರೋಗವೇ ಇಲ್ಲದ ಊರಿಗೆ ರೋಗ ಹುಡುಕುವವಳನ್ನು ಕೊಡಿ ಎಂದು ಯಾವ ಮುಖ ಇಟ್ಟುಕೊಂಡು ಕೇಳಲಿ?" ಎಂದರು.

ಹೀಗೆ ನಮ್ಮ ಸೀಮೆಯಲ್ಲಿ ರೋಗ ಸಿಗಲಿ ಎಂದು ಹಾರೈಸುತ್ತಾ ನಾನು ಹೊರಟಿದ್ದೆ. ದೇವರ ಮುಂದೆ ಹೇಳಿಕೊಳ್ಳುವಂಥ ಹರಕೆಯಲ್ಲ.

ಶಿರಾ ದಾಟಿದ ಮೇಲೆ ಬೆಟ್ಟದ ಸಾಲಿನಲ್ಲಿ ಗಾಳಿಯಂತ್ರಗಳು ಕಾಣಿಸಿದವು. ಜವನಗೊಂಡನಹಳ್ಳಿಯಲ್ಲಿ ಇಳಿದಾಗ ಬಿಸಿಲಿದ್ದರೂ ಗಾಳಿ ತಣ್ಣಗೆ ಕೊರೆಯುತ್ತಿತ್ತು. ಹೆದ್ದಾರಿಯ ಪಕ್ಕದ ಹೋಟೆಲಿನಲ್ಲಿ ಚಿತ್ರಾನ್ನ ತಿಂದು, ಒಳದಾರಿಯಲ್ಲಿ ಎರಡು ಕಿಲೋಮೀಟರು ನಡೆದೆ. ಶೇಂಗಾ ಕಿತ್ತ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿದ್ದರು. ಕುರಿಯವರ ಹಿರಿಯ ಕರಿಯಪ್ಪ ಎಂಬುವರು ಕಂಬಳಿ ಹಾಸಿ, "ಬರ್ರಿ ತಾಯಿ, ಕುಂತ್ಕಳ್ರಿ. ಸೂಜಿ ತಂದೀರಾ?" ಎಂದರು.

"ರಕ್ತ ತಗೊಂಡು ಹೋಗೋಕೆ ಬಂದಿದ್ದೀನಿ."

"ಕೊಡೋರು ಒಬ್ರೂ ಇಲ್ಲ, ಬರ್ತಾರೆ ಬರೀ ತಗಳೋರು," ಎಂದು ಅವರು ಪಕ್ಕದವರ ಕಡೆ ನೋಡಿ ನಕ್ಕರು.

ಯಾವ ಊರಿಗೆ ರಕ್ತ ತೆಗೆಯಲು ಹೋಗಬೇಕೆಂದು ತಿಳಿಯಲು ನಮ್ಮ ಕಚೇರಿಯವರು ಕುರಿಯವರಿಗೆ ಫೋನಿನಲ್ಲಿ ಕೇಳುತ್ತಿದ್ದ ಪ್ರಶ್ನೆಯನ್ನೇ ನಾನೂ ಬಾಯಿಪಾಠದಂತೆ ಕೇಳಿದೆ. ಈ ವರ್ಷ ಕುರಿಗಳಲ್ಲಿ ಗರ್ಭಪಾತ ಆಗಿದೆಯೇ?

ಕರಿಯಪ್ಪನವರ ಮುಖ ಗಂಟಿಕ್ಕಿತು. "ಫೋನಲ್ಲೂ ಒಂದು ಹುಡುಗಿ ಇದನ್ನೇ ಕೇಳಿದ್ಲು. ಥೂ, ಇಂಥ ಮಾತು ಕೇಳಬಾರದು ತಾಯಿ. ಗರ್ಭಪಾತ ಹೆಂಗಸ್ರು ಆಸ್ಪತ್ರೆಗೆ ಹೋಗಿ ಮಾಡಿಸ್ಕಳಾದು. ಕುರಿ ಯಾಕೆ ಮಾಡಿಸ್ಕಂತದೆ? ಇಲ್ಲ ಅಂದೆ."

ನನಗೆ ಆಗ ಹೊಳೆಯಿತು. ನಮ್ಮ ಮನೆಯಲ್ಲಿ ಯಾರೂ ಕುರಿಗೆ ಆ ಮಾತು ಆಡಿದವರಲ್ಲ. ದಿನ ತುಂಬದ ಮರಿಯನ್ನು ಕುರಿ ಚೆಲ್ಲಿದರೆ ಅದಕ್ಕೆ ನಮ್ಮಲ್ಲಿ ಒಂದೇ ಮಾತು.

"ಯಜಮಾನ್ರೇ, ಕಂದು ಹಾಕಿದ್ದಾವಾ?"

"ಓ, ಕಂದು ಹಾಕೋದಾ! ಹಂಗ್ ಕೇಳು ಮತ್ತೆ. ವರ್ಷಾ ವರ್ಷಾ ಇದ್ದದ್ದೇ. ಹೋದ ತಿಂಗ್ಳು ಸುಮಾರು ಹಾಕಿದ್ವು. ನಿಮ್ಮೋರು ಅದನ್ನ ಕೇಳ್ಲೇ ಇಲ್ಲಲ್ಲ!"

ನಕ್ಷೆಯ ಬಿಳಿ ಜಾಗದ ಗುಟ್ಟು ಇಷ್ಟೇ. ಕಚೇರಿಯ ಕನ್ನಡ ಕೇಳಿದ್ದು ಹೆಂಗಸರ ಮಾತು, ಕುರಿಯವರು ಹೇಳಿದ್ದು ಹೆಂಗಸರ ಉತ್ತರ. ಮನುಷ್ಯರದು ಮನುಷ್ಯರಿಗೆ, ಕುರಿಯದು ಕುರಿಗೆ. ಹೆಂಗಸನ್ನು ಕುರಿತು ಕಂದು ಹಾಕಿದಳು ಎಂದರೆ ನಮ್ಮ ಕಡೆ ಜಗಳವೇ ಆಗಿಹೋಗುತ್ತದೆ.

ಕರಿಯಪ್ಪ ಒಂದೊಂದೇ ಕುರಿಯನ್ನು ಕಾಲಿಗೆ ಕಾಲು ಕೊಟ್ಟು ಹಿಡಿದರು. ನಾನು ಕುತ್ತಿಗೆಯ ನರದಿಂದ ರಕ್ತ ತೆಗೆದೆ. ಎಷ್ಟೋ ಕಾಲದ ಮೇಲೆ ಕೈಗೆ ಉಣ್ಣೆ ಹತ್ತಿತು. ಕೈಗವಸು ಹಾಕಿದ್ದೆನಾದ್ದರಿಂದ ಮೊಣಕೈಯಿಂದಲೇ ಅದರ ಬಿಸಿಯನ್ನು ಮುಟ್ಟಿ ನೋಡಿದೆ. ಅಷ್ಟಕ್ಕೇ ಕಣ್ಣು ತುಂಬಿದ್ದು ಕಂಡು ಕರಿಯಪ್ಪ, "ಧೂಳು ಜಾಸ್ತಿ ಐತೆ," ಎಂದರು.

ಆ ಸಂಜೆ ಹಿರಿಯೂರಿನಲ್ಲಿ ಉಳಿದೆ. ಅಲ್ಲಿನ ಪಶು ಆಸ್ಪತ್ರೆಯವರು ಒಂದು ಮೇಜು ಬಿಟ್ಟುಕೊಟ್ಟರು. ಪರೀಕ್ಷೆ ಸುಲಭದ್ದು. ರಕ್ತ ಹೆಪ್ಪುಗಟ್ಟಿದ ಮೇಲೆ ತೇಲುವ ತಿಳಿನೀರಿನ ಒಂದು ಹನಿ, ಗುಲಾಬಿ ಬಣ್ಣದ ದ್ರಾವಣದ ಒಂದು ಹನಿ, ಎರಡನ್ನೂ ಬಿಳಿ ಬಿಲ್ಲೆಯ ಮೇಲೆ ಕೂಡಿಸಿ ಅಲ್ಲಾಡಿಸಬೇಕು. ರೋಗ ಇದ್ದರೆ ರವೆ ಉದುರಿದಂತೆ ಗುಲಾಬಿ ಕಾಳು ಕಟ್ಟುತ್ತದೆ. ಇಲ್ಲದಿದ್ದರೆ ಹನಿ ಹಾಗೆಯೇ ನುಣ್ಣಗೆ ಉಳಿಯುತ್ತದೆ. ಕರಿಯಪ್ಪನವರ ಕುರಿಗಳ ಹನಿಗಳೆಲ್ಲ ನುಣ್ಣಗೇ ಉಳಿದವು. ಕಂದು ಹಾಕಿದ್ದಕ್ಕೆ ಬೇರೆ ಕಾರಣವಿರಬೇಕು, ಅದಕ್ಕೆ ಬೇರೆ ಪರೀಕ್ಷೆ. ಒಳ್ಳೆಯ ಸುದ್ದಿ ಎಂದು ಕರಿಯಪ್ಪನವರಿಗೆ ಫೋನು ಮಾಡಿ ಹೇಳಿದೆ. ನನ್ನ ದನಿ ಸತ್ತವರ ಮನೆಯ ಸುದ್ದಿ ಹೇಳುವಂತಿತ್ತು.

ಮರುದಿನ ಹೊಸದುರ್ಗದ ಬಸ್ಸು. ಐವತ್ತು ಕಿಲೋಮೀಟರಿನ ಆಸುಪಾಸು, ನಿಂತು ನಿಂತು ಹೋಗುವ ಗಾಡಿ. ವಾಣಿವಿಲಾಸ ಸಾಗರದ ಕಡೆಯಿಂದ ಬೀಸುವ ಗಾಳಿಗೆ ಕಿಟಕಿ ಮುಚ್ಚಿದರೆ ಪಕ್ಕದ ಅಜ್ಜಿ ತೆಗೆಯುತ್ತಿದ್ದರು, ತೆಗೆದರೆ ಹಿಂದಿನವರು ಬೈಯುತ್ತಿದ್ದರು. ಹೊಸದುರ್ಗದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಗೆಳತಿ ಶೈಲಜಾ ಸ್ಟ್ಯಾಂಡಿಗೇ ಬಂದಿದ್ದಳು. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎಂದು ಮೊದಲೇ ನನ್ನ ಹೆಸರಿನಲ್ಲಿ ಒಂದು ಭಾಷಣ ಗೊತ್ತು ಮಾಡಿಟ್ಟಿದ್ದಳು. ಪಶುವೈದ್ಯಕೀಯ ಓದಿದವರಿಗೆ ಇರುವ ಉದ್ಯೋಗಾವಕಾಶಗಳ ಬಗ್ಗೆ.

ಹುಮ್ಮಸ್ಸಿನಿಂದಲೇ ಹೇಳಿದೆ. ಡಾಕ್ಟರ್ ಎಂದರೆ ಆಸ್ಪತ್ರೆ ಒಂದೇ ಅಲ್ಲ. ರೋಗ ಹರಡುವ ದಾರಿ ಪತ್ತೆ ಮಾಡುವವರು ಬೇಕು. ಹಾಲು ಕುಡಿಯಲು, ಮಾಂಸ ತಿನ್ನಲು ಯೋಗ್ಯವೇ ಎಂದು ನೋಡುವವರು ಬೇಕು. ಲಸಿಕೆ ತಯಾರಿಸುವಲ್ಲಿ, ವಿಮಾನ ನಿಲ್ದಾಣ ಬಂದರುಗಳಲ್ಲಿ, ಕಾಡುಪ್ರಾಣಿಗಳ ಜೊತೆ, ಹೊರದೇಶದ ಸಂಸ್ಥೆಗಳಲ್ಲಿ ಕೆಲಸವಿದೆ. ಮನುಷ್ಯರಿಗೆ ಬರುವ ಹೊಸ ರೋಗಗಳಲ್ಲಿ ಎಷ್ಟೋ ಪ್ರಾಣಿಗಳಿಂದಲೇ ಬರುವುದರಿಂದ ಮುಂದೆ ಇಂಥವರು ಇನ್ನೂ ಬೇಕಾಗುತ್ತಾರೆ. ಮಕ್ಕಳು ಸುಮ್ಮನೆ ಕೇಳಿದರು. ಕೊನೆಗೆ ಎರಡನೇ ಬೆಂಚಿನ ಒಂದು ಹುಡುಗಿ ಎದ್ದು ನಿಂತಳು.

"ಮೇಡಂ, ಇದ್ರಾಗೆ ಯಾವ ಕೆಲ್ಸ ಹೊಸದುರ್ಗದಾಗೆ ಐತೆ?"

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ. ನಾನೂ ನಗಲಿಲ್ಲ. ಸದ್ಯಕ್ಕೆ ಇಲ್ಲ ಎಂದೆ. ಅವಳು ಥ್ಯಾಂಕ್ಸ್ ಹೇಳಿ ಕೂತಳು. ಊರು ಬಿಡದೆ ಊರಿನ ಕೆಲಸ ಮಾಡಬೇಕೆಂಬ ಆಸೆ ನನ್ನೊಬ್ಬಳ ಹುಚ್ಚು ಎಂದುಕೊಂಡಿದ್ದೆ. ಮಧ್ಯಾಹ್ನ ಶೈಲಜಾ ಅವರೆಕಾಳು ಸಾರು, ಮುದ್ದೆ ಬಡಿಸಿದಾಗಲೂ ಆ ಹುಡುಗಿಯ ಮುಖವೇ ಕಣ್ಣ ಮುಂದಿತ್ತು. ಊಟದ ಮೇಲೆ ಊರಾಚೆಯ ಎರಡು ಮಂದೆಗಳಿಂದ ರಕ್ತ ತೆಗೆದೆವು. ಶೈಲಜಾ ಮನೆಯ ಜಗಲಿಯಲ್ಲೇ ಪರೀಕ್ಷೆ ಮಾಡಿದೆ. ಅಲ್ಲೂ ಹನಿಗಳು ನುಣ್ಣಗೆ. ಅವಳು ಖುಷಿಯಿಂದ ಚಪ್ಪಾಳೆ ತಟ್ಟಿದಳು. ನಾನು ಫೋನು ತೆಗೆದು ಬೆಂಗಳೂರಿನಿಂದ ಗುವಾಹಟಿಗೆ ಎಷ್ಟು ಹೊತ್ತಿನ ವಿಮಾನ ಎಂದು ನೋಡಿದೆ.

ಉಳಿದಿದ್ದು ಹೊಳಲ್ಕೆರೆ ತಾಲ್ಲೂಕು. ಅಲ್ಲಿಯ ರಾಮಗಿರಿ ನಮ್ಮ ಅಕ್ಕನ ಗಂಡನ ಊರು. ಬೆಟ್ಟದ ಬುಡದಲ್ಲಿ ಊರು, ಸ್ವಲ್ಪ ದೂರಕ್ಕೆ ರೈಲ್ವೆ ಸ್ಟೇಷನ್ನು. ಸಂಜೆ ತಲುಪಿದಾಗ ಗಂಗಕ್ಕ ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ನನಗಿಂತ ಆರು ವರ್ಷಕ್ಕೆ ದೊಡ್ಡವಳು, ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ಕುರಿ ಹಿಂದೆ ತಿರುಗಿದವಳು.

"ಏನ್ ಲೇ ಸುಜಿ, ಡಬ್ಬಿ ಹಿಡ್ಕಂಡು ಐಸ್‌ಕ್ಯಾಂಡಿ ಮಾರಾಕೆ ಬಂದ್ಯಾ?"

ನಗು ಹಳೆಯದೇ, ಮುಖ ಮಾತ್ರ ಇಳಿದಿತ್ತು. ಅಪ್ಪಿಕೊಂಡಾಗ ಮೈ ಬೆಚ್ಚಗಿತ್ತು. ಕೇಳಿದರೆ, "ಸಂಜೆ ಆದ್ರೆ ಜ್ವರ ಬರ್ತದೆ, ಬೆಳಿಗ್ಗೆ ಹೋಗ್ತದೆ. ನೆಂಟ್ರಿದ್ದಂಗೆ. ಕೀಲೆಲ್ಲ ನೋವು. ಮಳೆಗಾಲದಿಂದ ಹಿಂಗೇ ಐತೆ," ಎಂದಳು. ಮಾತ್ರೆ ನುಂಗಿದಾಗ ಬಿಡುತ್ತದಂತೆ, ಮತ್ತೆ ಬರುತ್ತದಂತೆ. ಭಾವ ತಿಪ್ಪೇಶಪ್ಪ, "ಮೈಯಾಗೆ ಕಸುವೇ ಇಲ್ಲ ಸುಜಾತ. ಮೊದ್ಲು ಟಗರು ಹಿಡಿದು ಮಲಗಿಸ್ತಿದ್ಲು, ಈಗ ಕೊಡ ಎತ್ತಾಕೆ ಆಗಲ್ಲ," ಎಂದರು.

ಬೆಳಿಗ್ಗೆ ಕುರಿ ಮೇಯಲು ಹೋಗುವ ಮುಂಚೆ ರೊಪ್ಪಕ್ಕೆ ಹೋದೆವು. ಮುಳ್ಳುಬೇಲಿಯ ಆ ದೊಡ್ಡಿಯಲ್ಲಿ ಒಂದು ಕುರಿ ಈಯುತ್ತಿತ್ತು. ಗಂಗಕ್ಕ ಸೀರೆ ಎತ್ತಿಕಟ್ಟಿ, ಬರಿಗೈ ಹಾಕಿ ಮರಿಯನ್ನು ಎಳೆದು, ಮೂಗಿನ ಲೋಳೆಯನ್ನು ಬೆರಳಿನಿಂದ ಒರೆಸಿ, ಮರಿಯ ಹಿಂದೆ ಬಿದ್ದ ಮಾಸನ್ನು ಎತ್ತಿ ಬೇಲಿಯಾಚೆ ಒಗೆದಳು. ಕೈಗವಸು ಚಾಚಿದ ನನ್ನನ್ನು ನೋಡಿ, "ಕೈಗೆ ಚೀಲ ಹಾಕ್ಕಂಡ್ರೆ ಮರಿದು ಕಾಲು ಯಾವ್ದು ತಲೆ ಯಾವ್ದು ತಿಳೀತದೇನೇ?" ಎಂದಳು.

"ಅಕ್ಕ, ಈ ವರ್ಷ ಕಂದು ಹಾಕಿದ್ದಾವಾ?"

"ಭಾಳ ಹಾಕಿದ್ವು ಕಣೇ. ಹೋದ ವರ್ಷಾನೂ ಹಾಕಿದ್ವು. ನಿಮ್ಮ ಭಾವ ಹೊಸ ಕುರಿ ತಂದಾಗಿಂದ."

ನಾನು ಇಪ್ಪತ್ತು ಕುರಿಗಳ ರಕ್ತ ತೆಗೆದೆ.

ಮಧ್ಯಾಹ್ನದ ಬಿಸಿಲು ಜಗಲಿಗೆ ಬಂದಿತ್ತು. ಗಂಗಕ್ಕ ಕಂಬಳಿ ಹೊದ್ದು ಗೋಡೆಗೆ ಒರಗಿ ಕೂತಿದ್ದಳು. ನಾನು ಬಿಳಿ ಬಿಲ್ಲೆ ಇಟ್ಟುಕೊಂಡು ಹನಿಗೆ ಹನಿ ಕೂಡಿಸಿದೆ. ಮೊದಲನೆಯದು ನುಣ್ಣಗೆ. ಎರಡನೆಯದು ಕಾಳು ಕಟ್ಟಿತು. ಮೂರನೆಯದೂ ಕಟ್ಟಿತು. ಮುಂದೆಯೂ ಕಟ್ಟುತ್ತಾ ಹೋಯಿತು. ನನ್ನ ಎದೆ ಸಂತೋಷದಿಂದ ಹಾರಿತು. ಸುಳ್ಳು ಏಕೆ ಹೇಳಲಿ, ಆ ಗಳಿಗೆಯಲ್ಲಿ ನನಗೆ ಕಂಡಿದ್ದು ದುರ್ಗದಲ್ಲಿ ಒಂದು ಬಾಡಿಗೆ ಮನೆ, ಭಾನುವಾರ ಹಿರೇಗುಂಟನೂರು, ಹಬ್ಬಕ್ಕೆ ಅಕ್ಕನ ಊರು.

"ಏನ್ ಲೇ, ಒಬ್ಬಳೇ ನಗ್ತೀಯ?" ಎಂದಳು ಗಂಗಕ್ಕ, ಹಲ್ಲು ಕಟಕಟ ಅನ್ನುತ್ತಿದ್ದರೂ.

ತಲೆ ಎತ್ತಿ ಅವಳನ್ನು ನೋಡಿದೆ. ಸಂಜೆಗೆ ಬರಬೇಕಾದ ಜ್ವರ ಅವತ್ತು ಮೊದಲೇ ಬಂದಿತ್ತು. ಬಿಟ್ಟು ಬಿಟ್ಟು ಬರುವ ಜ್ವರ, ಕೀಲು ನೋವು, ಕಸುವಿಲ್ಲದ ಮೈ, ಬರಿಗೈಯಲ್ಲಿ ಎಳೆದ ಮರಿ, ಒಗೆದ ಮಾಸು. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದ ಪಾಠ ಗೋಡೆಗೆ ಒರಗಿ ಕೂತಿತ್ತು. ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಗಂಗಕ್ಕನಿಗೆ ಮದುವೆಯಾಗಿ ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮೊದಮೊದಲು ಬಸುರಾಗಲೇ ಇಲ್ಲ. ಈಚೆಗೆ ಎರಡು ವರ್ಷದಲ್ಲಿ ಎರಡು ಸಲ ಆಗಿ, ಎರಡೂ ಸಲ ಹೋಗಿತ್ತು. ನಮ್ಮ ಮನೆಯಲ್ಲಿ ಅದನ್ನು "ನಿಲ್ಲಲಿಲ್ಲ" ಎಂದಷ್ಟೇ ಹೇಳುತ್ತಿದ್ದರು, ಅದೂ ಮೆಲ್ಲಗೆ. ಫೋನಿನಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಈಗ ಕೇಳಲೇಬೇಕಿತ್ತು. ಆದರೆ ಯಾವ ಮಾತಿನಲ್ಲಿ ಕೇಳಲಿ? ಗರ್ಭಪಾತ ಕಚೇರಿಯ ಮಾತು, ಕಂದು ಹಾಕುವುದು ಕುರಿಯ ಮಾತು. ಅಕ್ಕನೇ ಬಿಲ್ಲೆಯ ಮೇಲಿನ ಗುಲಾಬಿ ಕಾಳುಗಳನ್ನು ಬಗ್ಗಿ ನೋಡಿದಳು.

"ಇವೇನಾ ಕಂದು ಹಾಕಿದ ಕುರಿವು?"

"ಹೂಂ ಅಕ್ಕ. ಈ ರೋಗ ಮನುಷ್ಯರಿಗೂ ಹತ್ತುತ್ತೆ. ಈ ಥರದ ಜ್ವರ ಬರುತ್ತೆ. ಬಸುರಿಗೂ ತೊಂದರೆ ಆಗಬಹುದು."

ಅವಳು ಕಂಬಳಿಯಿಂದ ಒಂದು ಕೈ ಹೊರಗೆ ಚಾಚಿ, ಮಣಿಕಟ್ಟನ್ನು ನನ್ನ ಮುಂದಿಟ್ಟಳು.

"ಹಂಗಾರೆ ನಂದೂ ಬರ್ಕ. ಎರಡು ಸಲ ಕಂದು ಹಾಕಿದಾಳೆ ಅಂತ."

ಆ ಮಾತನ್ನು ಒಬ್ಬ ಹೆಂಗಸು ತನ್ನ ಬಗ್ಗೆ ಆಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ನಾನು ಅತ್ತೆ. ಅವಳು ಅಳಲಿಲ್ಲ. "ಈ ಊರಾಗೆ ಯಾರ್ ಯಾರೋ ಏನೇನೋ ಅಂದ್ರು, ನನ್ ಕಾಲ್ಗುಣ ಅಂದ್ರು, ದೇವ್ರ ಸಿಟ್ಟು ಅಂದ್ರು. ರೋಗ ಅಂತ ಯಾರೂ ಅನ್ಲಿಲ್ಲ ನೋಡು. ರೋಗ ಆದ್ರೆ ಔಸ್ತಿ ಐತಲ್ಲ?" ಎಂದಳು.

"ಐತೆ ಅಕ್ಕ. ಆದರೆ ಮೊದಲು ಪರೀಕ್ಷೆ ಆಗಬೇಕು. ಹೋದ ಎರಡೂ ಇದರಿಂದಲೇ ಹೋದವು ಅಂತ ನಾನು ಹೇಳಲಾರೆ."

"ನೀನೇ ತಗಾ ರಕ್ತ."

"ನಾನು ಕುರಿ ಡಾಕ್ಟ್ರು ಅಕ್ಕ. ನಿನ್ನ ರಕ್ತ ತೆಗೆಯೋ ಹಕ್ಕು ನನಗಿಲ್ಲ."

"ಇಪ್ಪತ್ತು ಕುರಿ ಹಿಡಿದು ಚುಚ್ಚಿದ್ಯಲ್ಲ, ನಾನೊಬ್ಬಳು ಹೆಚ್ಚಾದ್ನಾ?" ಎಂದು ನಕ್ಕಳು. ಕೊನೆಗೆ, "ನಡಿ, ದುರ್ಗಕ್ಕೆ ಹೋಗಾಣ," ಎಂದಳು.

ಮರುದಿನ ಬೆಳಿಗ್ಗೆ ರಾಮಗಿರಿಯಿಂದ ಹೊಳಲ್ಕೆರೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಚಿತ್ರದುರ್ಗ. ಇಬ್ಬರಿಗೂ ಸೊನ್ನೆ ಟಿಕೆಟ್ಟು, ಡಬ್ಬಿಗೆ ಮಾತ್ರ ದುಡ್ಡು. ಹೆಂಗಸರು ತುಂಬಿ ಬಸ್ಸು ಒಂದು ಕಡೆ ವಾಲುತ್ತಿತ್ತು. ಗಂಗಕ್ಕ ದಾರಿಯುದ್ದಕ್ಕೂ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಮಗುವಿನ ಮೇಲೆ ಕೈ ಇಟ್ಟ ಹಾಗೆ ಅದರ ಮೇಲೆ ಕೈ ಇಟ್ಟಿದ್ದಳು.

ಆಸ್ಪತ್ರೆಯ ಡಾಕ್ಟರಮ್ಮ ಬಿಡುವಿಲ್ಲದಿದ್ದರೂ ಪೂರ್ತಿ ಕೇಳಿದರು. "ಕುರಿ ಇದಾವೆ ಅಂತ ಯಾಕಮ್ಮ ಯಾರ ಹತ್ರಾನೂ ಹೇಳ್ಲಿಲ್ಲ?" ಎಂದು ಅಕ್ಕನನ್ನು ಕೇಳಿದರು.

"ಕುರಿ ವಿಷ್ಯ ಕುರಿ ಡಾಕ್ಟ್ರಿಗೆ ಹೇಳ್ತೀವಿ ತಾಯಿ, ನನ್ ವಿಷ್ಯ ನಿಮಗೆ ಹೇಳ್ತೀವಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. "ಇಂಥ ಜ್ವರದವರು ಆಗಾಗ ಬರ್ತಾನೇ ಇರ್ತಾರೆ. ಅವರ ಮನೆ ಕುರಿ ಹೇಗಿದಾವೆ ಅಂತ ನನಗೆ ಹೇಳೋರಿಲ್ಲ. ನೀವು ದುರ್ಗದಲ್ಲೇ ಇರ್ತೀರಾ?" ಎಂದರು.

ಬಸ್ಸಿನಲ್ಲಿ ನಾನು ಗುವಾಹಟಿಯ ಹುದ್ದೆಯ ವಿಷಯ ಹೇಳಿದ್ದೆ, ಅಕ್ಕ ನನ್ನ ಬದಲು ಉತ್ತರ ಕೊಟ್ಟಳು. "ಇಲ್ಲ ತಾಯಿ. ಅಸ್ಸಾಮಿಗೆ ಹೋಗ್ತಾಳಂತೆ."

ರಕ್ತ ಕೊಟ್ಟಾದ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಕೋಟೆಯ ಬಂಡೆಗಳ ಮೇಲೆ ಬಿಸಿಲು ಹೊಳೆಯುತ್ತಿತ್ತು. ಗಂಗಕ್ಕ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಾ ಕೇಳಿದಳು: "ಆ ಊರಾಗೆ ಮೇಕೆ ಕುರಿ ಕಂದು ಹಾಕಿದ್ರೆ ಏನಂತಾರೆ ಲೇ?"

"ಗೊತ್ತಿಲ್ಲ ಅಕ್ಕ."

"ಮತ್ತೆ ಹೆಂಗ್ ಕೇಳ್ತೀಯ?"

ಕಲಿತುಕೊಂಡು ಕೇಳಬಹುದು, ಎಲ್ಲರೂ ಹಾಗೇ ಮಾಡುತ್ತಾರೆ ಎಂದು ಹೇಳಬಹುದಿತ್ತು. ಅಷ್ಟರಲ್ಲಿ ಬೆಂಗಳೂರಿನ ಬಸ್ಸು ಬಂತು. ಗಂಗಕ್ಕ ಡಬ್ಬಿಯನ್ನು ಕಿಟಕಿಯಿಂದ ಒಳಗೆ ಕೊಟ್ಟು, ಹೊಳಲ್ಕೆರೆ ಬಸ್ಸು ನಿಲ್ಲುವ ಕಡೆಗೆ ಮೆಲ್ಲಗೆ ನಡೆದಳು. ಮೊದಲು ಅವಳ ನಡಿಗೆಗೆ ಸಮನಾಗಲು ನಾನು ಓಡಬೇಕಾಗುತ್ತಿತ್ತು. ಬಸ್ಸು ತಿರುಗುವವರೆಗೂ ಅವಳ ಹಸಿರು ಸೀರೆಯನ್ನೇ ನೋಡಿದೆ.

ಮುಂದಿನ ವಾರ ಎರಡು ಕಡೆಯಿಂದಲೂ ಫಲಿತಾಂಶ ಬಂತು. ಪ್ರಯೋಗಾಲಯ ಕುರಿಗಳ ರೋಗವನ್ನು ಖಚಿತಪಡಿಸಿತು. ದುರ್ಗದ ಡಾಕ್ಟರಮ್ಮ ಅಕ್ಕನದನ್ನು ಖಚಿತಪಡಿಸಿದರು. ನಾನು ನಕ್ಷೆಯಲ್ಲಿ ರಾಮಗಿರಿಯ ಮೇಲೆ ಮೊದಲ ಚುಕ್ಕೆ ಇಟ್ಟೆ. ಅದು ಕುರಿಗಳದು. ಅಕ್ಕನಿಗಾಗಿ ಹುಡುಕಿದೆ, ನಮ್ಮ ನಕ್ಷೆಯಲ್ಲಿ ಮನುಷ್ಯರಿಗೆ ಬಣ್ಣವೇ ಇರಲಿಲ್ಲ. ಮುಖ್ಯಸ್ಥರು ಕೈ ಕುಲುಕಿದರು. ಫೋನಿನಲ್ಲಿ ಕೇಳುವ ಪ್ರಶ್ನೆಯ ಮಾತನ್ನು ಬದಲಿಸಿದೆವು. ನಾನು ಗುವಾಹಟಿಗೆ ಊಹೂಂ ಎಂದೆ. ಫೆಬ್ರವರಿ ಮುಗಿಯುವ ಹೊತ್ತಿಗೆ ಚಿತ್ರದುರ್ಗಕ್ಕೆ ಒಂದು ಹುದ್ದೆ, ಸದ್ಯಕ್ಕೆ ಒಂದು ವರ್ಷದ್ದು, ಮಂಜೂರಾಯಿತು.

ಆ ಸಂಜೆ ಗಂಗಕ್ಕನೇ ಫೋನು ಮಾಡಿದಳು. ಜ್ವರ ಬಿಟ್ಟು ದನಿ ಗಟ್ಟಿಯಾಗಿತ್ತು. ಮಾತ್ರೆ ಇನ್ನೂ ಸ್ವಲ್ಪ ದಿನ ನುಂಗಬೇಕಿತ್ತು.

"ದುರ್ಗದಾಗೆ ಕೆಲ್ಸ ಆತಂತೆ?"

"ಆಯ್ತು ಅಕ್ಕ."

"ನನ್ ಜ್ವರದಿಂದ?"

ರೋಗ ಸಿಗಲಿ ಎಂದು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಹರಕೆಯನ್ನು ಅವಳಿಗೆ ಹೇಳಿಬಿಟ್ಟೆ. ಆ ಕಡೆ ಕುರಿಗಳು ರೊಪ್ಪಕ್ಕೆ ಬರುವ ಸದ್ದು ಕೇಳಿಸುತ್ತಿತ್ತು.

"ಅಳಬ್ಯಾಡ ಸುಜಿ," ಎಂದಳು ಗಂಗಕ್ಕ. "ನನ್ ಹೊಟ್ಟೇಲಿ ನಿಲ್ಲದೇ ಹೋದವು ಅವೆರಡು. ಹೋಗೋವಾಗ ತಮ್ ಚಿಕ್ಕಮ್ಮನ್ನ ಊರಿಗೆ ಕರ್ಕಂಡ್ ಬಂದು ಹೋದ್ವು ಅಂದ್ಕಂತೀನಿ."